‘ನಾಳೆ ಬಾ’ ಅಳಿಸಿದ ನಿಂಬವ್ವ

ಬಹಳ ಹಿಂದೆ, ಏಳು ಬೆಟ್ಟಗಳಾಚೆ, ಸಿರಿಗಿರಿ ಎಂಬ ರಾಜ್ಯವಿತ್ತು. ಅಲ್ಲಿ ದಿನಗಳ್ಳನೆಂಬ ಮಾಯಾವಿಯ ಕಾಟ. ಸಂಜೆಯಾದರೆ ಮನೆಮನೆಗೂ ಬರುತ್ತಿದ್ದ. ಅವನನ್ನು ಸಾಗಹಾಕಲು ಜನ ಬಾಗಿಲ ಮೇಲೆ ಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದಿದ್ದರು. ಅವನು ಓದಿಕೊಂಡು ಹಿಂದಿರುಗುತ್ತಿದ್ದ. ಹೇಗೆ ಟೋಪಿ ಹಾಕಿದೆವು ನೋಡಿ ಎಂದು ರಾಜನೇ ಮೀಸೆ ತಿರುವುತ್ತಿದ್ದ.

ಟೋಪಿ ಬಿದ್ದದ್ದು ಯಾರಿಗೆ? ‘ನಾಳೆ’ ಎಂಬ ಮಾತೇ ಅವನ ಊಟ. ನಾಳೆ ಎಂದವರ ಇವತ್ತನ್ನು ಜೋಳಿಗೆಗೆ ತುಂಬಿಕೊಂಡು ಹೋಗುತ್ತಿದ್ದ. ಇವತ್ತು ಕಳೆದುಕೊಂಡವರು ಏಕೆಂದು ತಿಳಿಯದೆಯೇ ಕಾಲಿನಿಂದ ಮೇಲಕ್ಕೆ ಕಲ್ಲಾಗುತ್ತಿದ್ದರು. ಎಳೆಯ ಮೈ ಇನ್ನೂ ಬೇಗ.

ರೊಟ್ಟಿ ಮಾರುವ ನಿಂಬವ್ವನ ಮಗಳು ಸುಬ್ಬಿ ಕತ್ತಿನವರೆಗೂ ಕಲ್ಲಾಗಿದ್ದಳು. ದಿನಗಳ್ಳ ಬಾಗಿಲು ಓದಿ ಹೋದ ಮರುಗಳಿಗೆಯೇ ಕಲ್ಲು ಮೇಲೇರುವುದನ್ನು ನಿಂಬವ್ವ ಕಣ್ಣಾರೆ ಕಂಡಳು. ಮೈಯೆಲ್ಲ ಉರಿದುಹೋಯಿತು. ಒದ್ದೆ ಬಟ್ಟೆಯಿಂದ ಬರಹ ಒರೆಸಿ, ಇದ್ದಿಲಿನಲ್ಲಿ ‘ಈಗ ಬಾ’ ಎಂದು ಬರೆದಳು. ನೆರೆಯವರು ತಲೆ ಕೆಟ್ಟಿದೆಯೇ ಎಂದರು. ರಾಜಭಟರು ಬಂದು ಗದರಿದರು.

“ಅಳಸಂಗಿಲ್ಲ,” ಎಂದು ನಿಂಬವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯತೊಡಗಿದಳು.

ಮರುಸಂಜೆ ದಿನಗಳ್ಳ ಒಳಗೇ ಬಂದ. ಮೊದಲು ಅವಳ ಸತ್ತ ಗಂಡನನ್ನು ಮೂಲೆಯಲ್ಲಿ ನಿಲ್ಲಿಸಿದ. ನಿಂಬವ್ವ ಗಳಗಳ ಅತ್ತಳು. ಅಳುತ್ತಲೇ ರೊಟ್ಟಿ ತಿರುವಿಹಾಕಿದಳು. ಗಂಡನ ರೂಪ ಹೊಗೆಯಾಯಿತು.

ಆಮೇಲೆ ನಾಳೆಯ ಭಯ ತೋರಿಸಿದ. ಮಗಳ ಕಲ್ಲಿನ ಮೈ ನುಚ್ಚುನೂರಾಗಿ ಬಿದ್ದಿತ್ತು. ನಿಂಬವ್ವ ರೊಟ್ಟಿ ತೆಗೆಯಲು ಕೈ ಚಾಚಿದಳು. ಹೆಂಚಿನ ಬಿಸಿ ಬೆರಳಿಗೆ ಚುರ್ ಎಂದಿತು. ಅವಳು ಮಗಳತ್ತ ತಿರುಗಿ ನೋಡಿದಳು. ಮಗಳು ಇಡಿಯಾಗಿಯೇ ಇದ್ದಳು.

ಮೂರನೆಯ ಸಲ ದಿನಗಳ್ಳ ಬೆಣ್ಣೆಯಂಥ ದನಿಯಲ್ಲಿ ಮಾತಾಡಿದ. “ನಾಳೆ ನಾನೇ ನಿನ್ನ ಮಗಳನ್ನ ಬಿಡಸ್ತೀನಿ. ‘ಆಗ್ಲಿ, ನಾಳೆ’ ಅನ್ನು, ಸಾಕು.”

ತಾಯಿಯಲ್ಲವೇ, ಮಾತು ತುಟಿಯವರೆಗೆ ಬಂತು. ಅಷ್ಟರಲ್ಲಿ ಸುಬ್ಬಿ ಸಣ್ಣಗೆ ಅಂದಳು, “ಅವ್ವಾ, ಹಸಿವಾಗೇತಿ.”

“ಈಗ ತಗೋ, ನನ ಕೂಸ,” ಎಂದು ನಿಂಬವ್ವ ಬಿಸಿ ರೊಟ್ಟಿ ಮುರಿದು ಅವಳ ಬಾಯಿಗಿಟ್ಟಳು.

ಸುಬ್ಬಿ ಅಗಿದಳು. ಕತ್ತಿನ ಕಲ್ಲು ಕರಗಿತು, ಕೈ ಬಂತು, ಕಾಲು ಬಂತು. ಊಟ ತಪ್ಪಿದ ದಿನಗಳ್ಳ ಕುಗ್ಗಿ ಹಿಡಿ ಬೂದಿಯಾದ. ಜೋಳಿಗೆ ಹರಿದು, ಕದ್ದ ಇವತ್ತುಗಳೆಲ್ಲ ಅವರವರ ಮನೆ ಸೇರಿದವು. ಕಲ್ಲಾದವರೆಲ್ಲ ಎದ್ದು ಓಡಾಡಿದರು. ರಾಜನೂ ಬಕೆಟ್ಟು ಹಿಡಿದು ಅರಮನೆಯ ಬಾಗಿಲಿನ ‘ನಾಳೆ ಬಾ’ ತಿಕ್ಕಿ ಅಳಿಸಿದ.

ಎಲ್ಲರೂ ಸುಖವಾಗಿದ್ದರು. ಎಲ್ಲಿಯವರೆಗೆ ಎಂದು ಕೇಳಿದವರಿಗೆ ನಿಂಬವ್ವ ತಟ್ಟೆ ಮುಂದಿಡುತ್ತಿದ್ದಳು: “ಮೊದಲ ಉಣ್ಣು. ರೊಟ್ಟಿ ಆರತೈತಿ.”