ಹಲಗೆಯ ಮೇಲಿನ ಜೋಡಿ ಗೆರೆ

ಬಾಗಿಲು ಬಡಿದ ರೀತಿಯಿಂದಲೇ ಬಂದವನು ಆರಿನ್ ಲಿಂಡ್‌ಕ್ವಿಸ್ಟ್ ಎಂದು ಮೈಲೊಗೆ ಗೊತ್ತಾಯಿತು. ಕಾಫಿ ಲೋಟ ಹಿಡಿದುಕೊಂಡೇ ಹಿತ್ತಿಲ ಕಡೆ ಜಾರಿಕೊಳ್ಳಲು ನೋಡಿದ. ಈ ಗೆಳೆಯ ಒಂದು ಜಾಯಿಂಟರ್ ಕೊಳ್ಳುವ ನೆಪದಲ್ಲಿ ಎರಡು ವರ್ಷ ಅವನ ತಲೆ ತಿಂದಿದ್ದ. ಡೊಂಕು ಹಲಗೆಯ ಒಂದು ಮೈಯನ್ನು ಸಮತಟ್ಟಾಗಿ ಹೆರೆದು ಕೊಡುವ ಯಂತ್ರ ಅದು, ಅಷ್ಟೇ. ಆದರೆ ಆರು ಅಂಗುಲದ್ದು ಸಾಕೋ ಎಂಟು ಅಂಗುಲದ್ದು ಬೇಕೋ, ಉದ್ದನೆಯ ಅಲಗೋ ಚೂರುಚೂರು ಅಲಗೋ ಎಂದು ಆರಿನ್ ಚರ್ಚಿನಲ್ಲೂ ಕೊರೆದ, ಮೀನು ಹಿಡಿಯುವ ದೋಣಿಯಲ್ಲೂ ಕೊರೆದ, ಮೈಲೊ ಹಲ್ಲು ಕೀಳಿಸಿಕೊಂಡು ಬಾಯಿ ಬಿಡಲಾಗದೆ ಮಲಗಿದ್ದಾಗಲೂ ಬಂದು ಕೊರೆದ. ಕೊನೆಗೆ ಎಂಟಂಗುಲದ ಹಳೆಯ ಯಂತ್ರವೊಂದನ್ನು ಕೊಂಡ. ಇನ್ನಾದರೂ ಬಾಯಿ ಮುಚ್ಚುತ್ತಾನೆಂದು ಮೈಲೊ ನಂಬಿದ್ದ.

"ವರ್ನಾ ಎಲ್ಲಿ?" ಆರಿನ್ ಒಳಗೆ ನುಗ್ಗಿದ. "ಆ ವೇಡ್ ನನ್ನ ಅಲಗು ಹಾಳು ಮಾಡಿಬಿಟ್ಟ! ಮೊಳೆ ಇರೋ ಹಲಗೆ ತುರುಕಿದಾನೆ!"

ವರ್ನಾ ಮೈಲೊನ ಹೆಂಡತಿ. ಯಾರ ಕೊಟ್ಟಿಗೆ ತಾನಾಗಿ ಸುಟ್ಟುಹೋಯಿತು, ಯಾರದ್ದನ್ನು ಸುಟ್ಟರು ಎಂದು ವಿಮಾ ಕಂಪನಿಗೆ ಪತ್ತೆ ಮಾಡಿ ಕೊಡುವುದೇ ಅವಳ ನೌಕರಿಯಾಗಿತ್ತು. ನಿವೃತ್ತಿಯ ನಂತರ ಮಿನೆಸೋಟಾದ ಆ ಸಣ್ಣ ಊರಿನಲ್ಲಿ ಏನು ಕಳೆದರೂ, ಏನು ಮುರಿದರೂ ಜನ ಅವಳ ಮನೆಗೇ ಬರುತ್ತಿದ್ದರು. ಅವಳನ್ನು ಕಾರಿನಲ್ಲಿ ಕರೆದೊಯ್ಯುವ ಕೆಲಸ ಮೈಲೊನ ಪಾಲಿಗೆ ಬಂದಿತ್ತು.

"ಕೂತ್ಕೊಂಡು ಹೇಳು," ಎಂದಳು ವರ್ನಾ.

ಆರಿನ್ ನಿಂತೇ ಹೇಳಿದ. ಮಗಳು ಬ್ರಿಟಾ ಏಳು ತಿಂಗಳ ಬಸುರಿ. ಹುಟ್ಟುವ ಮಗುವಿಗೆಂದು ತೊಟ್ಟಿಲು ಮಾಡಲು ಅವನು ಗುರುವಾರ ಐದು ವಾಲ್‌ನಟ್ ಮರದ ಹಲಗೆ ಹೆರೆದು, ಬಟ್ಟೆ ಹೊದಿಸಿಟ್ಟಿದ್ದ. ಐದೂ ನುಣ್ಣಗೆ ಬಂದಿದ್ದವು. ಶುಕ್ರವಾರ ಬ್ರಿಟಾ ಮತ್ತು ಅವಳ ಗಂಡ ವೇಡ್ ಬಂದರು. ವೇಡ್ ತನ್ನ ತಾತನ ಕೊಟ್ಟಿಗೆಯ ಹಳೇ ಹಲಗೆಯೊಂದನ್ನು ತಂದಿದ್ದ. ತೊಟ್ಟಿಲ ತಲೆಯ ಕಡೆಗೆ ಅದನ್ನು ಕೂರಿಸಬೇಕೆಂದು ಅವನ ಆಸೆ. ಅದನ್ನು ತಾನೇ ಯಂತ್ರಕ್ಕೆ ಕೊಟ್ಟ. ಮರುದಿನ ಬೆಳಗ್ಗೆ ಆರಿನ್ ನೋಡಿದರೆ ಹಲಗೆಯ ಮೈ ಮೇಲೆ ಉದ್ದಕ್ಕೂ ಗೆರೆ ಎದ್ದಿತ್ತು.

"ಅಲಗು ಒಂದು ಕಡೆ ಮುಕ್ಕಾದ್ರೆ ಅಷ್ಟು ಜಾಗದಲ್ಲಿ ಮರ ಹೆರೆಯದೆ ಹಾಗೇ ಉಳಿಯತ್ತೆ. ತಿಂಡಿಗೆ ಕೂತಾಗಲೇ ಅವನ ಮುಖಕ್ಕೆ ಹೇಳ್ದೆ. ಅವನು ಇಲ್ಲ ಅಂದ. ಸುಳ್ಳ ಅಂದೆ. ಈಗ ಬ್ರಿಟಾ ಬ್ಯಾಗು ತುಂಬ್ತಿದಾಳೆ. ಮಾತು ವಾಪಸ್ ತಗೋಬೇಕಂತೆ, ಇಲ್ಲಾಂದ್ರೆ ಮಗು ಹುಟ್ಟಿದ ಮೇಲೂ ಈ ಕಡೆ ತಲೆ ಹಾಕಲ್ವಂತೆ."

"ತಗೊಳ್ಳೋ ಮಾರಾಯ!" ಎಂದ ಮೈಲೊ. "ಒಂದು ಕಬ್ಬಿಣದ ತುಂಡಿಗೆ ಮಗಳನ್ನ ಬಿಡ್ತೀಯಾ?"

"ಅವನು ತಪ್ಪು ಮಾಡಿದಾಗ ನಾನ್ಯಾಕೆ ತಗೋಬೇಕು?"

ಇಂಥವನ ಜೊತೆ ಮಾತಾಡುವುದಕ್ಕಿಂತ ಆ ಯಂತ್ರದ ಜೊತೆ ಮಾತಾಡುವುದು ವಾಸಿ ಎನ್ನಿಸಿ ಮೈಲೊ ಕಾರಿನ ಕೀ ಹುಡುಕತೊಡಗಿದ.

ಆರಿನ್‌ನ ಗ್ಯಾರೇಜಿನಲ್ಲಿ ಕಾರಿಗೆ ಜಾಗ ಇರಲಿಲ್ಲ. ಯಂತ್ರಗಳು, ಹಲಗೆಗಳು, ಹೊಟ್ಟಿನ ಚೀಲ. ಮರದಂಗಡಿಯವರು ವಾಲ್‌ನಟ್ ಹಲಗೆಗಳಿಗೆ ಹೊಡೆದಿದ್ದ ಗುಲಾಬಿ ಚೀಟಿಗಳನ್ನು ಅವನು ಹರಿದು, ಬಹುಮಾನಪತ್ರಗಳ ಹಾಗೆ ಗೋಡೆಗೆ ಸಾಲಾಗಿ ಅಂಟಿಸಿದ್ದ. ವೇಡ್ ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದ. ಬ್ರಿಟಾ ಕೋಟು ಹಾಕಿಕೊಂಡೇ ಬಂದಿದ್ದಳು.

ವರ್ನಾ ಕೊಟ್ಟಿಗೆ ಹಲಗೆಯ ಮೇಲೆ ಬೆರಳಾಡಿಸಿದಳು. ಗೆರೆ ಒಂದಲ್ಲ, ಎರಡು. ಬೆರಳಗಲ ಅಂತರದಲ್ಲಿ, ಹಲಗೆಯ ಈ ತುದಿಯಿಂದ ಆ ತುದಿಯವರೆಗೆ. ಅಲ್ಲಲ್ಲಿ ತಗ್ಗಿನಲ್ಲಿ ಹಳೇ ಬೂದು ಬಣ್ಣ ಹಾಗೇ ಉಳಿದಿತ್ತು.

"ಎಷ್ಟು ಸಲ ಕೊಟ್ಟೆ, ವೇಡ್?"

"ಒಂದೇ ಸಲ. ಗೆರೆ ಕಾಣಿಸ್ತು, ನಿಲ್ಲಿಸಿಬಿಟ್ಟೆ. ಯಂತ್ರವೇ ಹಾಗಿರಬೇಕು ಅಂದ್ಕೊಂಡೆ. ಕೇಳೋಣ ಅಂದ್ರೆ..." ಅವನು ಮಾವನ ಕಡೆ ನೋಡಿದ.

"ಲೋಹ ಹುಡುಕೋ ಕೋಲು ಆಡಿಸಿದ್ಯಾ?"

"ಎರಡೂ ಮಗ್ಗುಲು ಆಡಿಸ್ದೆ. ಕೂಗಲಿಲ್ಲ."

"ಅದನ್ನ ಹಿಡಿಯೋಕೂ ಕೈಯಲ್ಲಿ ಹದ ಬೇಕು!" ಎಂದ ಆರಿನ್.

"ಆರಿನ್, ನೀನು ವಾಲ್‌ನಟ್ ಮೇಲೆ ಆಡಿಸಿದ್ಯಾ?"

"ಅಂಗಡಿಯ ಹೊಸ ಮರಕ್ಕೆ ಯಾರಾದ್ರೂ ಆಡಿಸ್ತಾರಾ? ಏನು ಕೇಳ್ತಿದೀಯ ನೀನು!"

"ಗುರುವಾರದಿಂದ ವೇಡ್ ಬರೋ ತನಕ ಯಂತ್ರ ಯಾರಾದ್ರೂ ಮುಟ್ಟಿದ್ರಾ?"

"ಬೀಗ ಹಾಕಿದ್ದೆ. ಕೀ ನನ್ನ ಜೇಬಲ್ಲಿತ್ತು."

ವರ್ನಾ ಬಟ್ಟೆ ಸರಿಸಿ ವಾಲ್‌ನಟ್ ಹಲಗೆಗಳನ್ನು ನೋಡಿದಳು. ನಿಜಕ್ಕೂ ಐದೂ ಕೈ ಜಾರುವಷ್ಟು ನುಣ್ಣಗಿದ್ದವು. "ಕೊನೆಗೆ ಕೊಟ್ಟಿದ್ದು ಯಾವುದು?" ಎಂದಳು. ಆರಿನ್ ಮೇಲಿನದನ್ನು ತೋರಿಸಿದ. ಅವಳು ಅದರ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿದಳು, ಗೋಡೆಯ ಚೀಟಿಗಳನ್ನು ಒಂದೊಂದಾಗಿ ಎತ್ತಿ ಬೆನ್ನು ನೋಡಿದಳು. ಆಮೇಲೆ ಸ್ಟೂಲು ಎಳೆದುಕೊಂಡು ಕೂತಳು. ಅವಳು ಕೂತಳೆಂದರೆ ಕೆಲಸ ಮುಗಿದಂತೆ ಎಂದು ಮೈಲೊಗೆ ಗೊತ್ತಿತ್ತು.

"ಎಲ್ಲರೂ ಹತ್ತಿರ ಬನ್ನಿ. ವೇಡ್ ತಂದ ಹಲಗೆಯಲ್ಲಿ ಮೊಳೆಯ ತೂತುಗಳಿವೆ, ಸರಿ. ಆದ್ರೆ ಯಾವ ತುದಿಯಿಂದ ನೋಡಿದ್ರೂ ಮೊದಲ ತೂತು ಮೊಣಕೈ ಉದ್ದ ಒಳಗಿದೆ. ಅಲ್ಲಿ ಮೊಳೆ ತಾಗಿದ್ರೆ ಅದಕ್ಕಿಂತ ಮುಂಚಿನ ಭಾಗ ನುಣ್ಣಗಿರಬೇಕಿತ್ತು, ಗೆರೆ ತೂತಿನಿಂದ ಶುರುವಾಗಬೇಕಿತ್ತು. ಇಲ್ಲಿ ತುದಿಯಿಂದಲೇ ಇದೆ."

"ಎರಡು ಮೂರು ಸಲ ಕೊಟ್ಟಿರ್ತಾನೆ! ಮೊದಲ ಸಲ ಅಲಗು ಮುಕ್ಕಾದ್ರೆ ಮುಂದಿನ ಸಲ ತುದಿಯಿಂದಲೇ ಗೆರೆ ಬರಲ್ವಾ?" ಎಂದ ಆರಿನ್.

"ಕೊಟ್ಟಿದ್ರೆ ಈ ಬೂದು ಬಣ್ಣ ಉಳೀತಿತ್ತಾ? ಒಂದೇ ಸಲ ಕೊಟ್ಟಿದಾನೆ. ಅಂದ್ರೆ ಈ ಹಲಗೆ ಒಳಗೆ ಹೋಗೋ ಮುಂಚೆಯೇ ಅಲಗು ಹಾಳಾಗಿತ್ತು."

"ಹಾಗಾದ್ರೆ ನನ್ನ ವಾಲ್‌ನಟ್ ಹೇಗೆ ನುಣ್ಣಗೆ ಬಂತು? ಮಧ್ಯೆ ಯಾರೂ ಮುಟ್ಟಿಲ್ಲ ಅಂದೆನಲ್ಲ!"

"ಅದೇ. ವಾಲ್‌ನಟ್ ನುಣ್ಣಗೆ ಬಂತು, ಆಮೇಲೆ ಯಾರೂ ಮುಟ್ಟಲಿಲ್ಲ, ಆದ್ರೂ ಅಲಗು ಹೋಗಿತ್ತು. ಉಳಿಯೋ ಜಾಗ ಒಂದೇ. ಕೊನೇ ಹಲಗೆಯ ಕಟ್ಟಕಡೆಯ ತುದಿ." ಅವಳು ಭೂತಗನ್ನಡಿ ಚಾಚಿದಳು. "ನೋಡು. ಉಗುರಗಲ ಜಾಗದಲ್ಲಿ ಎರಡು ಪುಟ್ಟ ಗೆರೆ. ಅವುಗಳ ಬುಡದಲ್ಲಿ ಕತ್ತರಿಸಿದ ತಂತಿಯ ಎರಡು ಹೊಳೆಯೋ ಚುಕ್ಕಿ."

ಆರಿನ್ ಬಗ್ಗಿದ. ಬಗ್ಗಿದವನು ಏಳಲಿಲ್ಲ.

"ಮೊಳೆ ಆಗಿದ್ರೆ ಒಂದು ಗೆರೆ. ಎರಡು ಕಾಲು ಇರೋದು ಸ್ಟೇಪ್ಲರ್ ಪಿನ್ನಿಗೆ. ಅಂಗಡಿಯವರು ತುದಿಗೆ ಚೀಟಿ ಹೊಡೆದಿದ್ರು. ನಾಲ್ಕು ಚೀಟಿಯ ಬೆನ್ನಲ್ಲಿ ಪಿನ್ನು ಪೂರ್ತಿ ಇದೆ. ಐದನೆಯದರಲ್ಲಿ ಪಿನ್ನಿನ ಅಡ್ಡ ತುಂಡು ಮಾತ್ರ ಇದೆ, ಕಾಲು ಎರಡೂ ಮರದಲ್ಲೇ ಮುರಿದುಕೊಂಡಿವೆ. ಕೊನೇ ಸಲ ಹೆರೆದಾಗ ಅಲಗು ಅಷ್ಟು ಆಳಕ್ಕೆ ಇಳೀತು. ನೀನು ಕಿವಿಗೆ ಸದ್ದು ತಡೆಯೋ ಮುಚ್ಚಳ ಹಾಕ್ಕೊಂಡಿರ್ತೀಯ, ಕೇಳಿಸಿರಲ್ಲ. ತುದಿಯನ್ನ ನೀನು ನೋಡಲೂ ಇಲ್ಲ. ಯಾಕೆ?"

"ತುದಿ... ಹೇಗೂ ಕತ್ತರಿಸಿ ಎಸೆಯೋದಲ್ವಾ," ಎಂದ ಆರಿನ್ ಸಣ್ಣ ದನಿಯಲ್ಲಿ. "ಅದನ್ನ ಯಾರೂ ನೋಡಲ್ಲ."

ಈಗಲಾದರೂ ತಪ್ಪು ತನ್ನದೆಂದು ಹೇಳುತ್ತಾನೆಂದು ಮೈಲೊ ಕಾದ. ಆರಿನ್ ಮುಖ ಕೆಂಪಾಗಿ, ಬಾಯಿ ತೆರೆದು, "ಆ ಅಂಗಡಿಯವರಿಗೆ ಎಷ್ಟು ಸಲ ಹೇಳಿದೀನಿ, ಪಿನ್ನು ಹೊಡೀಬೇಡಿ, ಚೀಟಿ ಅಂಟಿಸ್ರಪ್ಪಾ ಅಂತ! ಈಗ ಚೂರು ಅಲಗೇ ತಗೋಬೇಕಿತ್ತು ಅನ್ಸತ್ತೆ. ಪೆಟ್ಟು ಬಿದ್ದ ಚೂರೊಂದನ್ನೇ ತಿರುಗಿಸಿದ್ರಾಯ್ತು..." ಎಂದು ಶುರು ಮಾಡಿದ. ಮೈಲೊಗೆ ಅವನ ಕತ್ತು ಹಿಸುಕಬೇಕೆನ್ನಿಸಿತು.

ಬ್ರಿಟಾ ಹೊರಗೆ ಹೋದಳು. ವೇಡ್ ತನ್ನ ತಾತನ ಹಲಗೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅವಳ ಹಿಂದೆ ನಡೆದ. ಕಾರಿನ ಬಾಗಿಲುಗಳು ಮುಚ್ಚಿಕೊಂಡವು, ಇಂಜಿನ್ ಶುರುವಾಯಿತು.

"ಹೋಗೋ ಗೂಬೆ!" ಎಂದು ಮೈಲೊ ಆರಿನ್‌ಗೆ ಕಿರುಚಿದ.

ಆರಿನ್ ಓಡಿದ. ಕಾರಿನ ಮುಂದೆ ನಿಂತು ಬಾನೆಟ್ ಮೇಲೆ ಎರಡೂ ಕೈ ಊರಿದ. "ಬ್ರಿಟಾ, ತಪ್ಪು ನಂದು," ಎಂದ.

ಅವಳು ಗಾಜು ಇಳಿಸಿದಳು. "ನನಗ್ಯಾಕೆ ಹೇಳ್ತೀಯಪ್ಪ? ಸುಳ್ಳ ಅಂದಿದ್ದು ಯಾರಿಗೆ?"

ಆರಿನ್ ಸುತ್ತಿ ಬಂದು ವೇಡ್‌ನ ಕಿಟಕಿಯ ಬಳಿ ನಿಂತ. ಅವನಿಗೆ ಅಷ್ಟು ಹೊತ್ತು ಮಾತು ಹೊರಡದಿದ್ದುದನ್ನು ಮೈಲೊ ಜನ್ಮದಲ್ಲೇ ಕಂಡಿರಲಿಲ್ಲ.

"ನೀನು ಸುಳ್ಳು ಹೇಳಿರಲಿಲ್ಲ. ನಾನು ನಿನ್ನ ಮಾತು ಕೇಳಿಸಿಕೊಳ್ಳಲೇ ಇಲ್ಲ. ಆ ಹಲಗೆ... ತೊಟ್ಟಿಲಿಗೆ ಬೇಕು, ವೇಡ್. ಕೊಡ್ತೀಯಾ?"

ವೇಡ್ ಇಂಜಿನ್ ಆರಿಸಿದ.

"ಕೊಡಲ್ಲ," ಎಂದ. "ಅದನ್ನ ನಾನೇ ಹೆರೀತೀನಿ. ನೀವು ಪಕ್ಕದಲ್ಲಿ ನಿಂತ್ಕೊಂಡು ಸುಮ್ಮನೆ ನೋಡಬೇಕು."

"ಸುಮ್ಮನೆ?" ಎಂದ ಆರಿನ್, ದಿಗಿಲಿನಿಂದ.

"ಬಾಯಿ ಮುಚ್ಕೊಂಡು," ಎನ್ನುತ್ತಾ ಬ್ರಿಟಾ ಸೀಟ್ ಬೆಲ್ಟ್ ಬಿಚ್ಚಿದಳು.