ಬಿಡಿಸದ ಮಾತ್ರೆ

ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ದೂರು ಬಂತು. ದೂರುದಾರನ ತಾಯಿ ವೃದ್ಧಾಶ್ರಮದಲ್ಲಿದ್ದವರು. ಹಿಂದಿನ ದಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಸ್ಕ್ಯಾನಿನಲ್ಲಿ ಕರುಳಿನೊಳಗೆ ಚೂಪು ಮೂಲೆಯ ಚೌಕವೊಂದು ಕಂಡಿತ್ತು. ಅದು ಕರುಳನ್ನು ತೂತು ಮಾಡಿತ್ತು.

"ಯಾರೋ ಬೇಕಂತಲೇ ನುಂಗಿಸಿದ್ದಾರೆ ಸಾರ್. ಸುಮ್ಮನೆ ಬಿಡಬೇಡಿ."

ಎಫ್‌ಐಆರ್ ದಾಖಲಿಸಿ ಇನ್‌ಸ್ಪೆಕ್ಟರ್ ಆಸ್ಪತ್ರೆಗೆ ಹೋದರು. ಡಾಕ್ಟರು ಸಣ್ಣ ಬಾಟಲಿಯೊಂದನ್ನು ಮುಂದಿಟ್ಟರು. ಅದೇ ಆಶ್ರಮದ ತಾತ ಒಬ್ಬರ ಹೊಟ್ಟೆಯಿಂದ ಹೋದ ವಾರ ತೆಗೆದದ್ದಂತೆ. ಮಾತ್ರೆ ಸ್ಟ್ರಿಪ್ಪಿನಿಂದ ಕತ್ತರಿಸಿದ ಒಂದು ಚೌಕ ತುಂಡು. ಒಳಗೆ ಮಾತ್ರೆ ಹಾಗೇ ಇತ್ತು.

"ಆಗಲೇ ನಮಗೆ ಯಾಕೆ ಹೇಳಲಿಲ್ಲ?"

"ವಯಸ್ಸಾದವರು, ಕಣ್ತಪ್ಪಿ ನುಂಗಿರಬೇಕು ಅಂದ್ಕೊಂಡ್ವಿ."

ಇನ್‌ಸ್ಪೆಕ್ಟರ್ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ಇನ್ನೂ ಯಾರ್ಯಾರ ಹೊಟ್ಟೆಯಲ್ಲಿ ಈ ಹಾಳು ತುಂಡು ಕೂತಿದೆಯೋ! ಆಶ್ರಮದವರನ್ನೆಲ್ಲ ತಕ್ಷಣ ಸ್ಕ್ಯಾನಿಗೆ ಕರೆಸಿದರು.

ಔಷಧಿ ಕೋಣೆಯ ಪಂಚನಾಮೆಯಲ್ಲಿ ಸಿಕ್ಕಿದ್ದು ಒಂದು ಕತ್ತರಿ, ಸಾಲಾಗಿಟ್ಟ ಸ್ಟೀಲ್ ಬಟ್ಟಲು, ಪ್ರತಿಯೊಂದರಲ್ಲೂ ಕವರಿನಿಂದ ಬಿಡಿಸದ ಮಾತ್ರೆಗಳು. ಮಹಿಳಾ ಪೇದೆ ಕಸದ ಬುಟ್ಟಿಯನ್ನು ಬಗ್ಗಿಸಿ ನೋಡಿದಳು.

"ಇಷ್ಟು ಜನ ಮಾತ್ರೆ ತಗೊಂಡ್ರೆ ಖಾಲಿ ಕವರು ಇಷ್ಟೇನಾ ಸಾರ್?"

ಮಾತ್ರೆ ಕೊಡುತ್ತಿದ್ದವಳು ಆಶ್ರಮದ ಹಳೆಯ ಆಯಾ. ಹಣ್ಣುಹಣ್ಣು ಮುದುಕರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು.

"ಬಿಡಿಸಿ ಕೊಡಲ್ವಾ?" ಇನ್‌ಸ್ಪೆಕ್ಟರ್ ಕೇಳಿದರು.

"ಮೊದಲು ಬಿಡಿಸೇ ಕೊಡ್ತಿದ್ದೆ. ಒಬ್ಬರು ಬಂದು, ನೀನು ಒಳ್ಳೆ ಮಾತ್ರೆ ಕದ್ದು ಬೇರೇದು ಕೊಡ್ತೀಯ ಅಂತ ಎಲ್ಲರ ಮುಂದೆ ಮಾನ ಕಳೆದ್ರು. ಕವರ್ ಸಮೇತ ಕೊಡು, ಅಮ್ಮ ನೋಡಿ ತಗೊಳ್ಳಲಿ ಅಂದ್ರು. ಅವತ್ತಿಂದ ಎಲ್ಲರಿಗೂ ಹಾಗೇ ಕೊಟ್ಟೆ."

"ಕಣ್ಣು ಕಾಣದವರಿಗೂ?"

"ಹೂಂ, ಅವರಿಗೂ."

"ನುಂಗ್ತಾರೆ ಅಂತ ಗೊತ್ತಿತ್ತಾ?"

"ತಾತ ನುಂಗಿದ್ದನ್ನ ಕಣ್ಣಾರೆ ಕಂಡೆ. ಆದ್ರೂ ಬಾಯಿ ಬಿಡಲಿಲ್ಲ. ಕಳ್ಳಿ ಅಂದ್ರಲ್ಲ, ಇನ್ನು ಬಿಡಿಸಿ ಕೊಟ್ರೆ ಕೇಳಿ ಅಂತ ಹಠ ಹಿಡಿದೆ. ಪಾಪಿ ನಾನು."

ಸಂಜೆ ನಾಲ್ಕಕ್ಕೆ ಅವಳನ್ನು ಬಂಧಿಸಿದರು. ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನ್ ಬಂತು: ಇನ್ನಿಬ್ಬರ ಹೊಟ್ಟೆಯಲ್ಲೂ ತುಂಡು ಸಿಕ್ಕಿತ್ತು, ಸದ್ಯ ಜೀವಕ್ಕೆ ಅಪಾಯವಿರಲಿಲ್ಲ.

ಸುದ್ದಿ ತಿಳಿದು ದೂರುದಾರ ಓಡಿಬಂದ. "ಯಾಕೆ ಹೀಗೆ ಮಾಡಿದ್ಲಂತೆ ಸಾರ್?"

"ಕವರ್ ಸಮೇತ ಕೊಡು ಅಂದಿದ್ದು ನೀವೇನಾ?"

"ಹೌದು, ಅಮ್ಮನ ಒಳ್ಳೇದಕ್ಕೇ..."

"ನಿಮ್ಮ ತಾಯಿಗೆ ಬೆರಳು ಮಡಚೋಕೆ ಬರ್ತಿರಲಿಲ್ಲವಂತೆ. ಕವರ್ ಬಿಡಿಸೋದು ಹೇಗೆ?"

"ನಂಗೆ ಗೊತ್ತೇ ಇರಲಿಲ್ಲ ಸಾರ್," ಎಂದ ಅವನು.

ಇನ್‌ಸ್ಪೆಕ್ಟರ್ ಅವನ ಹೇಳಿಕೆ ಬರೆದುಕೊಳ್ಳಲು ಬಿಳಿ ಹಾಳೆ ತೆಗೆದುಕೊಂಡರು.