ಫ್ಲೆಕ್ಸಿನ ಅರ್ಧ

ಮಹಾಲಿಂಗಪುರದ ಬಸ್ ಸ್ಟ್ಯಾಂಡಿನ ಎದುರು ತನ್ನದೇ ಮುಖ ಅಷ್ಟೆತ್ತರದಿಂದ ನಗುತ್ತಿರುವುದನ್ನು ಕಂಡು ರಾಜಶ್ರೀಯ ಎದೆ ಧಸಕ್ಕೆಂದಿತು.

ಪಕ್ಕದಲ್ಲೇ ಸಹೋದ್ಯೋಗಿ ಮುತ್ತಣ್ಣನ ಮುಖ. ಇಬ್ಬರ ಸುತ್ತ ಗುಲಾಬಿ ಹಾರ, ಮೇಲೆ ಮಾವಿನ ತೋರಣ. ‘ಹಾರ್ದಿಕ ಅಭಿನಂದನೆಗಳು’ ಮೊಳದುದ್ದ. ‘ವಿಜ್ಞಾನಿಗಳು’ ಮಾತ್ರ ಇರುವೆಯಷ್ಟು.

ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಇಬ್ಬರೂ ನಾಲ್ಕು ಹಂಗಾಮು ದುಡಿದು, ಕಬ್ಬಿನ ಹಾಲಿನ ರಾಡಿ ಸೋಸುವ ಹೊಸ ಬಟ್ಟೆ ಮಾಡಿದ್ದರು. ಪರೀಕ್ಷೆಗಳೆಲ್ಲ ಇವಳವು, ನೇಯ್ಗೆ ಬನಹಟ್ಟಿಯ ಅವನ ಮನೆಯ ಮಗ್ಗದ್ದು. ಅದಕ್ಕೀಗ ಸಕ್ಕರೆ ತಂತ್ರಜ್ಞರ ಸಂಘದ ಪ್ರಶಸ್ತಿ ಬಂದಿತ್ತು. ಹತ್ತು ಗಂಟೆಗೆ ಕಾರ್ಖಾನೆಯಲ್ಲಿ ಸನ್ಮಾನ. ಫ್ಲೆಕ್ಸ್ ಹಾಕಿಸಿದ್ದೂ ಕಾರ್ಖಾನೆಯವರೇ. ಹುಡುಗ, ಹುಡುಗಿಯ ಫೋಟೊ ಜೋಡಿಯಾಗಿ ಬಂದರೆ ಪ್ರಿಂಟಿಂಗ್ ಅಂಗಡಿಯವನಿಗೆ ಮದುವೆ ಡಿಸೈನ್ ಬಿಟ್ಟು ಬೇರೇನು ಹೊಳೆದೀತು?

“ಲಗ್ನ ಯಾವಾಗವ್ವಾ?” ಹೂ ಮಾರುವ ಕೆಂಪವ್ವ ಕೇಳಿದಳು.

“ಲಗ್ನ ಅಲ್ಲಬೇ, ಪ್ರಶಸ್ತಿ!”

“ಇರ್ಲಿ ತಗೊ. ಜೋಡಿ ಛಲೋ ಐತಿ.”

ರಾಜಶ್ರೀ ಗಡಿಯಾರ ನೋಡಿದಳು. ಹುನ್ನೂರಿನಿಂದ ಅಪ್ಪ ಚನಮಲ್ಲಪ್ಪ ಒಂಬತ್ತರ ಬಸ್ಸಿಗೆ ಬರುವವನಿದ್ದ. ಇನ್ನು ಹತ್ತೇ ನಿಮಿಷ. ಮನಸ್ಸಿನಲ್ಲಿದ್ದುದನ್ನು ಅವಳು ಅಪ್ಪನಿಗಿರಲಿ, ಮುತ್ತಣ್ಣನಿಗೂ ಹೇಳಿರಲಿಲ್ಲ.

ಫೋನು ಮಾಡಿದ ಐದು ನಿಮಿಷಕ್ಕೆ ಮುತ್ತಣ್ಣ ಬೈಕಿನಲ್ಲಿ ಬಂದ. ಫ್ಲೆಕ್ಸಿನತ್ತ ನೋಡಲೇ ಇಲ್ಲ. ಅವಳಿಗೆ ಅಲ್ಲೇ ಅನುಮಾನ.

“ಇದನ್ನ ಮೊದಲ ನೋಡಿದ್ರೇನ್ರಿ?”

“ತಪ್ಪ ಅದಾವೇನ ನೋಡ್ರಿ ಅಂತ ನಿನ್ನಿ ವಾಟ್ಸಾಪ್‌ಗೆ ಕಳಿಸಿದ್ರು. ಓಕೆ ಅಂದ್ನಿ.”

“ಹಾರಾ, ತೋರಣಾ ಕಾಣಲಿಲ್ಲೇನು?”

ಅವನು ಹೆಲ್ಮೆಟ್ಟಿನ ಪಟ್ಟಿ ತಿರುವುತ್ತ ನಿಂತ. “ಕಂಡ್ವುರಿ. ನಿಮ್ಮ ಬಾಜೂಕ ನನ್ನ ಮುಖಾ ನೋಡಿ... ಬ್ಯಾಡ ಅನ್ನಾಕ ಮನಸ ಬರಲಿಲ್ಲ.”

ಈ ಮಾತಿಗಾಗಿ ಅವಳು ಎಷ್ಟು ದಿನ ಕಾದಿದ್ದಳು! ಆದರೆ ಈಗ ಕಣ್ಣು ತುಂಬಿದ್ದು ಸಿಟ್ಟಿಗೆ.

“ನಾಲ್ಕ ವರ್ಷ ರಾಡಿಯೊಳಗ ಕೈ ಇಟ್ಟು ಗಳಿಸಿದ ಹೆಸರರೀ ನಂದು. ಅಪ್ಪ ಅದನ್ನ ನೋಡಾಕ ಬರಾಕತ್ತಾನ. ಲಗ್ನದ ಹಾರಾ ನೋಡಾಕ ಅಲ್ಲ.”

ಮುತ್ತಣ್ಣನ ಮುಖ ಸಣ್ಣದಾಯಿತು. “ಖರೆ ಐತ್ರಿ. ತಪ್ಪಾತು.”

ಟೈರ್ ಅಂಗಡಿಯ ಏಣಿ ತಂದು ಹತ್ತಿದ. ಮೊದಲು ತೋರಣ ಕೊಯ್ದ, ಆಮೇಲೆ ನಟ್ಟನಡುವೆ ಬ್ಲೇಡು ಎಳೆದು ತನ್ನ ಮುಖವನ್ನೇ ಇಳಿಸಿಕೊಂಡ. ಅಷ್ಟರಲ್ಲಿ ತಿರುವಿನಲ್ಲಿ ಬಸ್ಸು ಹಾರ್ನ್ ಹಾಕಿತು.

ಚನಮಲ್ಲಪ್ಪ ಇಳಿದವನೇ ತಲೆಯೆತ್ತಿದ. ಮೇಲೆ ಮಗಳು ಒಬ್ಬಳೇ, ಕೆಳಗೆ ಅವಳ ಹೆಸರು.

“ನನ್ನ ಮಗಳ್ರೀ!” ಎಂದು ಕಂಡಕ್ಟರನಿಗೆ ತೋರಿಸಿ, ಟವೆಲಿನಿಂದ ಕಣ್ಣೊರೆಸಿಕೊಂಡ.

ಆಚೆ ಮುತ್ತಣ್ಣ ತನ್ನ ಅರ್ಧವನ್ನು ಬಗಲಲ್ಲಿಟ್ಟುಕೊಂಡು ಮೆಲ್ಲಗೆ ಜಾರುತ್ತಿದ್ದ. ಅವನ ಹೆಸರೂ ಅದರ ಜೊತೆ ಹೋಗುತ್ತಿತ್ತು. ರಾಜಶ್ರೀಗೆ ತಡೆಯಲಾಗಲಿಲ್ಲ.

“ಎಲ್ಲಿ ಹೊಂಟ್ರಿ? ಕೊಡ್ರಿ ಇಲ್ಲಿ.”

ಅಪ್ಪನೆದುರು ಅದನ್ನು ಬಿಡಿಸಿ ಹಿಡಿದಳು.

“ಇವರು ಮುತ್ತಣ್ಣ, ಅಪ್ಪಾ. ಅರ್ಧಾ ಪ್ರಶಸ್ತಿ ಇವರದು. ಮತ್ತ... ನನಗ ಇವರು ಬೇಕು.”

ಚನಮಲ್ಲಪ್ಪ ಹುಡುಗನನ್ನು ನೋಡಿದ. ಮಗಳ ಕೈಯಲ್ಲಿನ ಅರ್ಧ ಹಾರವನ್ನು ನೋಡಿ, ಮೇಲೆ ಅವಳ ಫೋಟೊದ ಅಂಚಿಗೆ ಉಳಿದಿದ್ದ ಇನ್ನರ್ಧವನ್ನೂ ನೋಡಿದ. ರಾಜಶ್ರೀ ಗಡಿಬಿಡಿಯಲ್ಲಿ ಕೈಯಲ್ಲಿದ್ದುದನ್ನು ಮಡಚತೊಡಗಿದಳು.

“ಮಡಚಬ್ಯಾಡವ್ವಾ, ಗೆರಿ ಬೀಳ್ತಾವು,” ಎಂದ ಅಪ್ಪ. “ಸುರಳಿ ಸುತ್ತಿ ಇಡು. ಬೇಕಾಗ್ತದ.”